ಎಡ ಮಂಡಿಯ ನೋವು

ಗಾಳಿಬೀಡು

ಪಾಸ್ಟರ್ ಅಯ್ಯನವರಿಗೆ ಸ್ತೋತ್ರ.

ಭಾನುವಾರದ ಸ್ವಸ್ಥತೆಯ ಕೂಟಕ್ಕೆ ನಮ್ಮ ಎಸ್ಟೇಟ್ ಲೈನ್ ಮನೆಗಳಿಗೆ ಜೀಪ್ ಕಳುಹಿಸಿದ್ದು ಉಪಕಾರವಾಯಿತು. ದಾರಿಯಲ್ಲಿ ಡ್ರೈವರ್, "ನಿಮ್ಗೆ ಎಲ್ಲಿ ನೋವಿರೋದು ಅಕ್ಕ?" ಎಂದು ಒಬ್ಬೊಬ್ಬರನ್ನೂ ಕೇಳಿದ. ಹೋದ ಸಲವೂ ಹೀಗೇ ಕೇಳಿದ್ದ, ನಾವು ಹೇಳಿದ್ದೇ ಕೂಟದಲ್ಲಿ ದರ್ಶನವಾಗಿ ಬಂದಿತ್ತು. ಅದಕ್ಕೇ ಈ ಸಲ ನಾನು, "ಎಡ ಮಂಡಿ ಕಣಪ್ಪ" ಎಂದೆ.

ಕೂಟದಲ್ಲಿ ನೀವು ಕರೆಸಿದ ಪ್ರವಾದಿ ಕಣ್ಣು ಮುಚ್ಚಿ, "ಎಸ್ತೇರಮ್ಮಾ, ನಿನ್ನ ಎಡ ಮಂಡಿಯನ್ನು ಕರ್ತನು ನನಗೆ ತೋರಿಸುತ್ತಿದ್ದಾನೆ" ಎಂದರು. ಎಲ್ಲರೂ ಹಲ್ಲೆಲೂಯ ಎಂದರು.

ಕೇಳಿದ್ದನ್ನೆಲ್ಲ ನಂಬಬೇಡ, ಪರೀಕ್ಷಿಸಿ ನೋಡು ಎಂದು ದೀಕ್ಷಾಸ್ನಾನಕ್ಕೆ ಮುಂಚೆ ಕಲಿಸಿದವರು ನೀವೇ. ಡ್ರೈವರ್ ಕೈಯಲ್ಲಿ ಕೇಳಿಸಿದವರು ಯಾರೆಂದು ನಾನು ಕೇಳುವುದಿಲ್ಲ. ನನ್ನ ಸುಳ್ಳಿಗೆ ದೇವರಲ್ಲಿ ಕ್ಷಮೆ ಬೇಡಿದ್ದೇನೆ.

ಬರುವ ಭಾನುವಾರ ಜೀಪ್ ಬೇಡ. ಆರಾಧನೆಗೆ ನಡೆದೇ ಬರುತ್ತೇನೆ. ನೋವಿರುವುದು ಬಲ ಮಂಡಿಯಲ್ಲಿ. ದೇವರಿಗೆ ಅದು ಗೊತ್ತಿದೆ.

ನಿಮ್ಮ ಸಭೆಯ
ಎಸ್ತೇರಮ್ಮ