ಬೆಂಚಿನಿಂದ ಎದ್ದ ಧಮ್ಮಶೀಲಾ

ಜನವರಿ ೧೮, ಭಾನುವಾರ. ಜಹೀರಾಬಾದ್.

ನನ್ನ ತಪ್ಪು ಇನ್ನೂ ಚುಚ್ಚುತ್ತಿದೆ. ಕುಳ್ಳಿ ಎಂದು ನಮ್ಮ ಎರಡನೇ ಗೋಲ್‌ಕೀಪರ್ ಧಮ್ಮಶೀಲಾಳನ್ನು ಮೂರು ಪಂದ್ಯ ಬೆಂಚಿನ ಮೇಲೆಯೇ ಕೂರಿಸಿದ್ದೆ. ಇಂದು ಹಾಕಿ ಸೆಮಿಫೈನಲ್‌ನಲ್ಲಿ ಮೊದಲ ಗೋಲ್‌ಕೀಪರ್ ಶೃತಿಯ ಬೆರಳಿಗೆ ಪೆಟ್ಟಾದಾಗ ಬೇರೆ ದಾರಿಯಿಲ್ಲದೆ ಇವಳನ್ನು ಇಳಿಸಿದೆ. ಆಟ ಸಮವಾಗಿ ಮುಗಿದು ಶೂಟೌಟ್ ಬಂತು. ಆಸೆ ಬಿಟ್ಟೇ ಕುಳಿತಿದ್ದೆ. ಈ ಹುಡುಗಿ ಐದರಲ್ಲಿ ನಾಲ್ಕನ್ನು ತಡೆದಳು. ತಾಂಡೂರಿನ ನಮ್ಮ ತಂಡ ಮೊದಲ ಸಲ ಫೈನಲ್ ಮುಟ್ಟಿತು.

“ಹ್ಯಾಂಗ ತಡದಿ?” ಎಂದು ಕೇಳಿದೆ.

“ಖಾಲಿ ಕುಂತಿದ್ದೆನಲ್ರಿ ಮೇಡಂ. ಅವರ ಮ್ಯಾಚೆಲ್ಲಾ ನೋಡಕೋತ ಕುಂತೆ. ಯಾರು ಯಾವ ಕಡಿ ತಿರಗತಾರಂತ ತಿಳೀತು.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹದಿನೈದು ವರ್ಷದಿಂದ ಹಾಕಿ ಕಲಿಸುತ್ತಿದ್ದೇನೆ. ಆಡಲು ಬಿಡದೆ ಕೂರಿಸಿದವಳು ಹೀಗೂ ಕಲಿಯಬಲ್ಲಳೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಊಟದ ಹೊತ್ತಿಗೆ ಶೃತಿ ಬಂದು ಪಕ್ಕದಲ್ಲಿ ಕುಳಿತಳು. “ನನ್ನ ಬೆರಳು ನೆಟ್ಟಗ ಆಗ್ಯಾದ್ರಿ ಮೇಡಂ. ಆದ್ರ ನಾಳಿಗೂ ಅಕಿನೇ ನಿಂದರಲಿ.”

ಹೇಳುವಾಗ ಅವಳ ಕಣ್ಣು ತುಂಬಿತ್ತು. ತನ್ನ ಜಾಗವನ್ನು ತಾನೇ ಬಿಟ್ಟುಕೊಡಲು ಈ ವಯಸ್ಸಿಗೆ ಎಲ್ಲಿಂದ ಬಂತು ಇಷ್ಟು ಧೈರ್ಯ?

ನಾಳೆಯ ಪಟ್ಟಿಯಲ್ಲಿ ಧಮ್ಮಶೀಲಾ ಎಂದು ಮೊದಲು ಬರೆದೆ. ಉಳಿದ ಹತ್ತು ಹೆಸರು ಬೆಳಿಗ್ಗೆ. ಇವರಿಗೆ ನಾನು ಕಲಿಸಿದ್ದಾದರೂ ಏನು, ಇವರೇ ನನಗೆ ಕಲಿಸುತ್ತಿದ್ದಾರೆ.