ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಭಾನುವಾರ, ಮಧ್ಯಾಹ್ನ

ಮಗಳೇ,

ಆಶೀರ್ವಾದ ಕೊನೆಗೆ ಮಾಡುತ್ತೇನೆ. ಮೊದಲು ಇದನ್ನು ಓದು. ಶಾಲೆಯ ದೊಡ್ಡ ಮೇಡಂಗೆ ಬರೆದು ಕಳಿಸು ಎಂದಿದ್ದೆನಲ್ಲ ಆ ದೂರು, ಅದನ್ನು ಕಳಿಸಬೇಡ. ಬರೆದಿಟ್ಟಿದ್ದರೆ ಹರಿದು ಹಾಕು. ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ಸುಳ್ಳು. ನಿಜವನ್ನು ನುಂಗಿದ್ದೆ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಚಪ್ಪಲಿ ಹೊಲಿಯಲು ಕೂತವನು ನಾನು. ಕಾಗದ ಬರೆಯುವುದೆಂದರೆ ಮೈಯೆಲ್ಲ ಮುಳ್ಳು. ಆದರೂ ಬರೆಯಲೇಬೇಕಾಗಿದೆ.

ನಾವು ಇರುವೆ ಎಂದು ಕರೆಯುವ ನಿನ್ನ ಮಗಳಿಗೆ ಚಿತ್ರ ಕಲಿಸುವ ಟೀಚರ್ ಪ್ರತಿ ಶುಕ್ರವಾರ ಒಂದು ಪದ್ಯ ಓದುತ್ತಾರಂತೆ. ಓದಿ, ಪದ್ಯದಲ್ಲಿರುವುದರ ಚಿತ್ರ ಬರೆಯಬೇಡಿ, ಅದನ್ನು ಕೇಳಿದಾಗ ಹೊಟ್ಟೆಯೊಳಗೆ ಏನಾಯಿತೋ ಅದನ್ನು ಬರೆಯಿರಿ, ಅದರ ಬಣ್ಣ ಯಾವುದೋ ನೀವೇ ಹುಡುಕಿ ಅನ್ನುತ್ತಾರಂತೆ. ಹೊಟ್ಟೆಯೊಳಗೆ ಹಸಿವು ಬಿಟ್ಟು ಇನ್ನೇನಿರುತ್ತದೆ ಎಂದು ನಾನು ನಕ್ಕಿದ್ದೆ.

ಆ ವಾರದ ಪದ್ಯ ಎರಡೇ ಸಾಲು. ಗಿಡುಗನ ನೆರಳು ಬಿದ್ದರೆ ಗುಬ್ಬಿಗಳೆಲ್ಲ ಎಲೆಗಳಾಗಿಬಿಡುತ್ತವೆ, ಉಸಿರೂ ಅಲುಗುವುದಿಲ್ಲ, ಎಂದು.

ಚಿತ್ರಗಳನ್ನು ಗೋಡೆಗೆ ಅಂಟಿಸಿ ಮನೆಯವರನ್ನು ಕರೆದಿದ್ದರು. ಹೋದೆ. ಇರುವೆಯ ಹಾಳೆಯ ತುಂಬ ಒಂದು ಜೊತೆ ಚಪ್ಪಲಿ, ಬಾಗಿಲಲ್ಲಿ ಬಿಟ್ಟದ್ದು. ನನ್ನವೇ! ಎಡಗಾಲಿನ ಬಾರಿಗೆ ನಾನು ಹಾಕಿದ ಅಡ್ಡ ಹೊಲಿಗೆಯನ್ನೂ ಬಿಟ್ಟಿರಲಿಲ್ಲ. ಎದೆ ಉಬ್ಬಿತು. ಬಂದವರನ್ನೆಲ್ಲ ಕೈಹಿಡಿದು ಎಳೆದು, ‘ನೋಡಿ, ನಮ್ಮ ಹುಡುಗಿಗೆ ತಾತ ಅಂದ್ರೆ ಪ್ರಾಣ’ ಎಂದೆ. ಬಾಗಿಲ ಒಳಗಡೆ, ಗೋಡೆಗೆ ಅಂಟಿಕೊಂಡಂತೆ ಒಂದಷ್ಟು ಹಸಿರು ಎಲೆಗಳಿದ್ದವು. ಅಂದಕ್ಕೆ ಬರೆದಿರಬೇಕು ಅಂದುಕೊಂಡೆ.

ಪಕ್ಕದ ಬೇಕರಿಯವಳು ಚಿತ್ರದ ಕೆಳಗಿನ ಪದ್ಯವನ್ನು ಗಟ್ಟಿಯಾಗಿ ಓದಿ, ‘ಹಾಗಾದ್ರೆ ಇಲ್ಲಿ ಗಿಡುಗ ಯಾರು, ಯಜಮಾನ್ರೇ?’ ಎಂದಳು. ಎಲ್ಲರೂ ನಕ್ಕರು.

ಸಿಟ್ಟು ನೆತ್ತಿಗೇರಿತು. ಚಿತ್ರ ಕೆಳಗೆ ಬಿದ್ದು ಹರಿಯಿತು ಎಂದು ನಿನಗೆ ಹೇಳಿದ್ದೆ. ಬೀಳಲಿಲ್ಲ. ನಾನೇ ಕಿತ್ತು ಹರಿದೆ. ‘ಮನೆ ಮಾನ ಕಳೆಯೋದನ್ನ ಕಲಿಸ್ತೀಯೇನೇ?’ ಎಂದು ಟೀಚರ್ ಮೇಲೆ ಕಿರುಚಿದೆ. ನಿನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ಆಕೆ ಚೂರುಗಳನ್ನು ಆರಿಸಿಕೊಳ್ಳುತ್ತ, ‘ಬೈಯೋದಾದ್ರೆ ನನ್ನ ಬೈರಿ ತಾತ, ಅವಳ ಕಡೆ ಮಾತ್ರ ಹಾಗೆ ನೋಡ್ಬೇಡಿ’ ಎಂದರು.

ಆಗ ತಿರುಗಿ ನೋಡಿದೆ. ಇರುವೆ ಗೋಡೆಗೆ ಬೆನ್ನು ಹಚ್ಚಿ, ಅಂಗೈಗಳನ್ನು ಒತ್ತಿ ನಿಂತಿದ್ದಳು. ಕಣ್ಣಿನ ರೆಪ್ಪೆಯೂ ಬಡಿಯುತ್ತಿರಲಿಲ್ಲ. ನಿಂತಲ್ಲಿ ನಿಲ್ಲದ ಹುಡುಗಿ ಎಲೆಯಾಗಿಬಿಟ್ಟಿದ್ದಳು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ನೇರ ದೊಡ್ಡ ಮೇಡಂ ಹತ್ತಿರ ಹೋದೆ. ಮಗುವಿನ ತಾಯಿ ಬರೆದು ಕೊಟ್ಟರೆ ಶುಕ್ರವಾರದ ಕ್ಲಾಸು ನಿಲ್ಲಿಸುತ್ತೇನೆ ಎಂದರು. ಅದಕ್ಕೇ ನಿನಗೆ ಫೋನ್ ಮಾಡಿದ್ದು.

ಈಗ ನಾನು ಒಳಗೆ ಬಂದ ಕೂಡಲೇ ಇರುವೆ ಬಣ್ಣದ ಡಬ್ಬಿ ಮುಚ್ಚುತ್ತಾಳೆ. ಅಡುಗೆಮನೆಯಲ್ಲಿ ನಿಮ್ಮಮ್ಮನ ಪಾತ್ರೆಯ ಸದ್ದು ನಿಲ್ಲುತ್ತದೆ. ಮೊದಲೂ ಹೀಗೇ ಇತ್ತೇನೋ, ನಾನು ನೋಡಿರಲಿಲ್ಲ.

ನಿನ್ನೆ ಟೀಚರಿಗೆ ತಪ್ಪಾಯಿತು ಅನ್ನಲು ಶಾಲೆಯ ಗೇಟಿನವರೆಗೆ ಹೋದೆ. ಕಾವಲಿನವನ ಬೂಟಿನ ಅಟ್ಟೆ ಸವೆದಿದೆ ಎಂದು ಅವನಿಗೆ ಬೈದು ವಾಪಸು ಬಂದೆ. ನಾಚಿಕೆಗೇಡು. ನಾಳೆ ಮತ್ತೆ ಹೋಗುತ್ತೇನೆ. ಆ ಕ್ಲಾಸು ನಿಲ್ಲಬಾರದು. ಬಾಯಲ್ಲಿ ಆಡಲಾಗದ್ದನ್ನು ಹೇಳಲು ಆ ಮಗುವಿಗೆ ಇರುವುದು ಅದೊಂದೇ ಜಾಗ.

ನಿನಗೆ ಒಳ್ಳೆಯದಾಗಲಿ. ಆಸ್ಪತ್ರೆಯ ತರಬೇತಿ ಮುಗಿಸಿಕೊಂಡು ಸುಖವಾಗಿ ಬಾ.

ನಿನ್ನ ಅಪ್ಪ

ವಿ.ಸೂ.: ಇಷ್ಟನ್ನೂ ನಿಮ್ಮಮ್ಮನಿಗೆ ಓದಿ ಹೇಳಿದೆ. ಇಷ್ಟು ಕಷ್ಟಪಟ್ಟು ಬರೆಯುವ ಬದಲು ಫೋನಿನಲ್ಲೇ ಹೇಳಿ ನಿನ್ನ ಮಾತೂ ಕೇಳಬಹುದಿತ್ತಲ್ಲ ಎಂದೆ. ‘ಫೋನಲ್ಲಿ ನಿಮ್ಮ ಹತ್ರ ಎಲ್ಲಿ ಮಾತಾಡ್ತಾಳೆ ಅವಳು? ಹೂಂ ಅಪ್ಪ, ಹೂಂ ಅಪ್ಪ, ಅಷ್ಟೇ. ಚಿಕ್ಕವಳಿದ್ದಾಗಿಂದ್ಲೂ ಅಷ್ಟೇ’ ಎಂದಳು. ಇಷ್ಟು ವರ್ಷ ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ಈ ಕಾಗದಕ್ಕೆ ಹಾಗೆ ಉತ್ತರ ಬರೆಯಬೇಡ. ಬೈಯಬೇಕೆನಿಸಿದರೆ ಬೈ.