ಬೆಡ್‌ಶೀಟಿನ ಇನ್ನೊಂದು ತುದಿ

ಶುಕ್ರವಾರ, ಸಂಜೆ

ಪ್ರೀತಿಯ ತಂಗಿಗೆ,

ಹೊಸಬಳನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಬೆಳಿಗ್ಗೆ ಯಂತ್ರಗಳು ಶುರುವಾಗುವ ಮೊದಲೇ ಸೂಪರ್‌ವೈಸರ್ ಬಂದು ಹೇಳಿದರು; ಮುಂದೆ ವಿಚಾರಣೆಯೂ ಇದೆಯಂತೆ. ನಮ್ಮ ಆಸ್ಪತ್ರೆ ಲಾಂಡ್ರಿಯಿಂದ ಹೆರಿಗೆ ವಾರ್ಡಿಗೆ ಒದ್ದೆ ಬೆಡ್‌ಶೀಟುಗಳ ಗಂಟೊಂದು ಹೋಗಿತ್ತು. ಬಿಚ್ಚಿದರೆ ಮುಗ್ಗಲು ವಾಸನೆ, ಕಪ್ಪು ಚುಕ್ಕೆ. ನರ್ಸ್ ದೂರು ಕೊಟ್ಟರು. ಗಂಟಿನ ಮೇಲೆ ಕಟ್ಟಿದವರ ಗುರುತು ಇರುವುದಿಲ್ಲ. ಯಾರ ಕೆಲಸ ಎಂದು ನಿನ್ನೆ ಕೇಳಿದಾಗ ಎಲ್ಲರೂ ಹೊಸಬಳ ಮೇಜಿನ ಕಡೆ ನೋಡಿದೆವು.

ಅವಳು ಬೇಸಿಗೆಯಲ್ಲಿ ಸೇರಿದವಳು. ಅವಳಿಗೂ ಹೆಸರಿದೆ, ನಾನು ಒಮ್ಮೆಯೂ ಕರೆದಿಲ್ಲ. ಆ ಓಣಿಯವರ ಪೈಕಿ. ಯಾವ ಓಣಿ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವರಿದ್ದಾಗ ಅದನ್ನು ದಾಟುವವರೆಗೆ ಉಸಿರು ಬಿಗಿಹಿಡಿಯಿರಿ ಎನ್ನುತ್ತಿದ್ದಳು ಅಮ್ಮ. "ಹಾಗಾದ್ರೆ ಅವ್ರು ಹೇಗಮ್ಮಾ ಉಸಿರಾಡ್ತಾರೆ?" ಎಂದು ಕೇಳಿ ನೀನು ಏಟು ತಿಂದೆ. ನಾನು ಕೇಳಲಿಲ್ಲ. ಜಾಣೆ ಅನ್ನಿಸಿಕೊಂಡೆ.

ದೊಡ್ಡ ಬೆಡ್‌ಶೀಟನ್ನು ಮಡಚಲು ಇಬ್ಬರು ಬೇಕು. ಎದುರುಬದುರು ನಿಂತು, ಹತ್ತಿರ ಬಂದು, ತುದಿಯನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಡಬೇಕು. ಮೊದಲ ದಿನ ಅವಳು ನನ್ನತ್ತ ಒಂದು ತುದಿ ಚಾಚಿದಳು. ಸೊಂಟನೋವು ಎಂದೆ. ಅಲ್ಲಿ ಹಿರಿಯಳು ನಾನು. ನಾನು ಹಾಗಂದ ಮೇಲೆ ಉಳಿದವರಿಗೂ ಸೊಂಟನೋವು ಬಂತು. ಅಂದಿನಿಂದ ಅವಳು ಒಂದು ತುದಿಯನ್ನು ಕಿಟಕಿಯ ಸರಳಿಗೆ ಕ್ಲಿಪ್ ಹಾಕಿ ಸಿಕ್ಕಿಸಿ ಒಬ್ಬಳೇ ಮಡಚುತ್ತಿದ್ದಳು. ಇಸ್ತ್ರಿ ಯಂತ್ರದ ಹತ್ತಿರ ನಿಲ್ಲುವ ವಾಚಾಳಿಯನ್ನು ನಾವು ರೇಡಿಯೊ ಎನ್ನುತ್ತೇವೆ. "ಕಿಟಕಿಗೊಂದೇ ಸೊಂಟ ಗಟ್ಟಿ ಇರೋದು ನೋಡಕ್ಕಾ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇನ್ನು ನಿನ್ನ ಭಾವನ ವಿಷಯ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ ಎಂದಿದ್ದೆ. ಅವರು ಮನೆ ಬಿಟ್ಟು ವರ್ಷವಾಗುತ್ತ ಬಂತು. ಇದೇ ಊರಿನಲ್ಲಿ ಇನ್ನೊಬ್ಬಳ ಜೊತೆ ಇದ್ದಾರೆ. ಆಕೆ ನಮ್ಮವರ ಪೈಕಿಯೇ, ಅಮ್ಮ ಮೆಚ್ಚುವಂಥ ಮನೆತನದವಳು. ಆಕೆಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹೊಸಬಳನ್ನು ಬೈಯುವುದು ಸುಲಭವಿತ್ತು; ಅದಕ್ಕೆ ಬೇಕಾದ ಮಾತೆಲ್ಲ ಚಿಕ್ಕಂದಿನಿಂದಲೇ ಬಾಯಿಪಾಠವಾಗಿತ್ತು.

ಹೋದ ವಾರ ಅವರು ಫೋನ್ ಮಾಡಿ, ವಕೀಲರನ್ನು ನೋಡಿದ್ದೇನೆ, ವಿಚ್ಛೇದನಕ್ಕೆ ಒಪ್ಪಿಕೋ ಎಂದರು. ಡ್ರೈಯರ್ ಹಿಂದೆ ನಿಂತು ಅತ್ತೆ. ಹೊಸಬಳು ಒಂದು ಲೋಟ ನೀರು ತಂದಳು. "ಕುಡೀರಿ ಅಕ್ಕಾ, ಯಾರೂ ನೋಡ್ಲಿಲ್ಲ," ಎಂದಳು. ಅವಳು ನೋಡಿದ್ದಳಲ್ಲ! ಮೈಯೆಲ್ಲ ಉರಿದುಹೋಯಿತು. ಅವಳ ಎದುರೇ ನೀರನ್ನು ಸಿಂಕಿಗೆ ಸುರಿದೆ. ಅವಳು ಲೋಟ ತೊಳೆದಿಟ್ಟು ಹೋದಳು.

ಇವತ್ತು ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಹಿರಿಯರು, ಇದು ಹೇಗಾಯ್ತು ಅಂತ ನೀವೇ ಹೇಳಿ," ಎಂದರು. "ಒಬ್ಬಳೇ ಮಡಚಿದ್ರೆ ಒದ್ದೆ ಗೊತ್ತಾಗಲ್ಲ ಸಾರ್," ಎಂದೆ. ಅವಳು ಯಾಕೆ ಒಬ್ಬಳೇ ಮಡಚುತ್ತಿದ್ದಳು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳ ಮನೆಯಲ್ಲಿ ದುಡಿಯುವ ಕೈ ಅದೊಂದೇ ಎಂದು ಮಧ್ಯಾಹ್ನ ರೇಡಿಯೊ ಹೇಳಿದಳು. ಆಗ ಯಾರೂ ನಗಲಿಲ್ಲ.

ಉತ್ತರ ಬರೆಯಬೇಕು ಅನ್ನಿಸಿದರೆ ಮಾತ್ರ ಬರೆ.

ನಿನ್ನ ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಗಂಟು ಕಟ್ಟಿದವಳು ನಾನು. ಅವತ್ತು ಸಿಂಕಿಗೆ ನೀರು ಸುರಿದು ಬಂದ ಸಿಟ್ಟಿನಲ್ಲೇ, ಒಣಗುವ ಮೊದಲೇ ಡ್ರೈಯರ್ ನಿಲ್ಲಿಸಿ, ಸಿಕ್ಕಿದ್ದನ್ನೆಲ್ಲ ಸುತ್ತಿ ಕಟ್ಟಿದ್ದೆ. ವಿಚಾರಣೆಗೆ ಅವಳು ಬರುವುದು ಬೇಕಿಲ್ಲ ಎಂದಿದ್ದರು. ಅವಳನ್ನೂ ಕರೆಸಿ ಎಂದು ಈಗಷ್ಟೇ ಸೂಪರ್‌ವೈಸರಿಗೆ ಫೋನ್ ಮಾಡಿದೆ, ಯಾಕೆಂದು ಹೇಳಲಿಲ್ಲ. ವಿಚಾರಣೆ ಸೋಮವಾರ ಹತ್ತು ಗಂಟೆಗೆ. ಮೊದಲ ಹೇಳಿಕೆ ನನ್ನದು.